ಹದಿನೆಂಟು ಇಂಚಿನ ಬಾರ್

"ಇಪ್ಪತ್ನಾಲ್ಕು ಇಂಚಿನ ಬಾರ್ ಇರೋ ಚೈನ್ ಸಾ ಕೊಡಿ," ಎಂದಳು ಅರುಣಾ.

ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ, ಎಸ್‌ಟಿಡಿ ಬೂತಿನ ಪಕ್ಕದ ಅಂಗಡಿ. ಪಂಪ್‌ಸೆಟ್ಟು, ಸ್ಪ್ರೇಯರು, ಮರ ಕೊಯ್ಯುವ ಮಿಷನ್ನು ಮಾರುವ ಇಂದುಧರ, ಬಂದ ಹೆಂಗಸರನ್ನೆಲ್ಲ ಬಾಯಿತುಂಬ "ಅಕ್ಕ" ಎನ್ನುವವನು. ಇವಳನ್ನು ನೋಡಿದವನು ಆ ಮಾತನ್ನು ನುಂಗಿಕೊಂಡ.

"ಚೈನ್ ಓಡೋ ಪಟ್ಟಿ ಅಷ್ಟುದ್ದ ಯಾಕ್ರೀ?"

"ಯಾಕೆ, ಹೆಂಗಸಿಗೆ ಎತ್ತೋಕಾಗಲ್ಲ ಅಂತಲಾ?"

"ಅಲ್ಲ, ನಿಮ್ಮ ಮರ ಎಷ್ಟು ದಪ್ಪ ಐತೆ ಅಂತ."

ಅವಳು ಚೀಲದಿಂದ ನಾರಿನ ಹಗ್ಗವೊಂದನ್ನು ತೆಗೆದು ಅವನ ಮುಂದಿಟ್ಟಳು. ತೋಟದ ಅತಿ ದಪ್ಪ ತೆಂಗಿನ ಮರಕ್ಕೆ ಸುತ್ತಿ, ಸುತ್ತು ಮುಗಿದಲ್ಲಿ ಗಂಟು ಹಾಕಿ ತಂದಿದ್ದಳು. ಇಂದುಧರನಿಗೆ ಒಳಗೊಳಗೇ ಖುಷಿಯಾಯಿತು. ಹಗ್ಗವನ್ನು ದುಂಡಗೆ ಮಾಡಿ ಅಡ್ಡಕ್ಕೆ ಟೇಪು ಹಿಡಿದ. ಟೇಪಿನ ಆ ತುದಿ ಅವಳ ಬೆರಳಲ್ಲಿ, ಈ ತುದಿ ಇವನ ಬೆರಳಲ್ಲಿ. ಅಳತೆ ಮೊದಲ ಸಲಕ್ಕೇ ಸಿಕ್ಕಿತ್ತು. ಆದರೂ ಇನ್ನೊಮ್ಮೆ ಅಳೆದ.

"ಹದಿನೆಂಟು ಇಂಚು ಧಾರಾಳ ಸಾಕು. ಅದಕ್ಕಿಂತ ಉದ್ದ ಹಾಕಿದ್ರೆ ಈ ಇಂಜಿನ್ ಎಳೆಯಲ್ಲ. ಚೈನೂ ಸಿಕ್ಕಿದ್ದು ಹಾಕಂಗಿಲ್ಲ. ಅದರ ಅಡಿಹಲ್ಲು ಬಾರಿನ ಸೀಳಲ್ಲೂ ಕೂರಬೇಕು, ಇಂಜಿನ್ನಿನ ಹಲ್ಲುಗಾಲಿಗೂ ಹೊಂದಬೇಕು. ನೀವೇ ಎಳೆದು ನೋಡಿ."

ಅವಳು ತುಟಿ ಕಚ್ಚಿಕೊಂಡು, ಬಾರಿನ ಅಂಚಿನ ಸೀಳಿನಲ್ಲಿ ಚೈನನ್ನು ಬೆರಳ ತುದಿಯಿಂದ ನಿಧಾನವಾಗಿ ಎಳೆದಳು. ಎಲ್ಲೂ ತಡೆಯದೆ ಜಾರಿತು. ಅವಳ ಮುಖ ಮೊದಲ ಸಲ ಸಡಿಲವಾಯಿತು.

"ಸಂಕ್ರಾಂತಿಯೊಳಗೆ ಒಣಗಿದ ಮರ ಎಲ್ಲಾ ಬೀಳ್ಬೇಕು," ಎಂದಳು. "ಅವುಗಳಲ್ಲಿ ಹುಳ ಐತೆ, ಪಕ್ಕದ ಮರಕ್ಕೂ ಹಬ್ಬುತ್ತೆ. ಅಪ್ಪ ಹೋದ ಮೇಲೆ ಹೆಣ್ಣುಮಕ್ಕಳ ಕೈಲಿ ತೋಟ ಉಳಿಯಲ್ಲ ಅಂತ ನಮ್ಮ ಚಿಕ್ಕಪ್ಪ ಗುತ್ತಿಗೆಗೆ ಕೊಡಕ್ಕೆ ಹೊರಟವ್ರೆ. ನಾನು ಬಿಡಲ್ಲ."

ಎರಡು ದಿನ ಕಳೆದು, ತನ್ನೂರು ಕಣಕಟ್ಟೆಯ ಮೊದಲ ಬಸ್ಸಿಗೇ ಅವಳು ಮತ್ತೆ ಬಂದಳು. ಗೋಣಿಚೀಲದಲ್ಲಿ ಮಿಷನ್ನು, ಕಣ್ಣಲ್ಲಿ ಕೆಂಡ.

"ಇದೇನಾ ನೀವು ಹೊಂದಿಸಿಕೊಟ್ಟಿದ್ದು? ಅರ್ಧ ಮರ ಕುಯ್ಯೋ ಹೊತ್ಗೆ ಹೊಗೆ ಎದ್ದು, ಚೈನು ಕಚ್ಕಂಡು ನಿಂತೋಯ್ತು. ಚಿಕ್ಕಪ್ಪ ಬದುವಿನ ಮೇಲೆ ನಿಂತ್ಕಂಡು ನಕ್ಕರು."

ಇಂದುಧರ ಚೈನಿನ ಎಣ್ಣೆ ತುಂಬುವ ಬಾಯಿಯ ಮುಚ್ಚಳ ತಿರುಗಿಸಿದ. ಒಳಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಕೂತಿತ್ತು. ಮೂಸಿ ನೋಡಿದ.

"ತೆಂಗಿನೆಣ್ಣೆ ಹಾಕಿದ್ರಾ?"

"ಎಣ್ಣೆ ಇಲ್ಲದೆ ಓಡಿಸಬೇಡಿ ಅಂದ್ರಲ್ಲ. ಅವ್ವ ನಮ್ಮ ಕೊಬ್ಬರಿದು, ತಿಳಿಯಾಗಿರೋದನ್ನೇ ಬಗ್ಗಿಸಿ ಕೊಟ್ಲು. ಸಂಜೆ ಹಾಕೋವಾಗ ನೀರಿನಂಗಿತ್ತು."

ಪುಷ್ಯದ ಚಳಿಗೆ ರಾತ್ರಿಯೇ ಹೆಪ್ಪುಗಟ್ಟಿದ ಎಣ್ಣೆ ಬೆಳಿಗ್ಗೆ ಬಾರಿಗೆ ಇಳಿದೇ ಇರಲಿಲ್ಲ. ಇಂದುಧರ ನಗಲಿಲ್ಲ. ಕಪಾಟಿನಲ್ಲಿ ಸಾಲಾಗಿದ್ದ ಎಣ್ಣೆ ಡಬ್ಬಗಳ ಕಡೆ ನೋಡಿ ತಲೆ ತಗ್ಗಿಸಿದ.

"ತಪ್ಪು ನಂದೇ. ಚೈನಿನ ಎಣ್ಣೆ ಡಬ್ಬ ಕೈಗೆ ಕೊಟ್ಟು, ಬೇರೆ ಏನೂ ಹಾಕ್ಬೇಡಿ ಅಂತ ಹೇಳ್ದೆ ಯಾರನ್ನೂ ಕಳಿಸಲ್ಲ ನಾನು. ಅವತ್ತು ನೀವು ಚೈನ್ ನೋಡ್ತಿದ್ರಿ. ನಾನು ನಿಮ್ಮನ್ನ ನೋಡ್ತಿದ್ದೆ."

ಅವಳು ಖಾಲಿ ಗೋಣಿಚೀಲವನ್ನು ಮಡಚತೊಡಗಿದಳು. ಕಿವಿಯ ತುದಿ ಬಿಸಿಯಾಯಿತು.

"ಮೊದ್ಲು ಮಿಷನ್ ಸರಿ ಮಾಡಿ," ಎಂದಳು ಮೆಲ್ಲಗೆ.

ಇಂದುಧರ ಅಂಗಡಿಗೆ ಬೀಗ ಹಾಕಿ, ಹೊಸ ಚೈನು ಮತ್ತು ಎಣ್ಣೆ ಡಬ್ಬ ಹಿಡಿದು ಅವಳ ಜೊತೆ ಕಣಕಟ್ಟೆಗೆ ಹೊರಟ. ತೋಟದಲ್ಲಿ ಬಾರಿನ ಸೀಳು ಕೆರೆದು ಚೊಕ್ಕಟ ಮಾಡಿ ಚೈನು ಕೂರಿಸುವಾಗ, ಚಿಕ್ಕಪ್ಪ ಷಡಕ್ಷರಪ್ಪ ಬಂದು ನಿಂತರು.

"ಹೆಂಗೂ ಬಂದಿದೀಯಲ್ಲಪ್ಪ, ನೀನೇ ಕುಯ್ದಾಕಿ ಹೋಗು."

"ಅಳತೆ ತಂದೋರು ಅವರು. ಅವರೇ ಕುಯ್ತಾರೆ," ಎಂದು ಇಂದುಧರ ಮಿಷನ್ನನ್ನು ಅರುಣಾಳ ಕೈಗೆ ಕೊಟ್ಟ.

ಅಪ್ಪ ನೆಟ್ಟ ಮರ. ಅರುಣಾ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೆರಗು ಬಿಗಿದು, ಮಿಷನ್ ಚಾಲೂ ಮಾಡುವ ಹಗ್ಗ ಜಗ್ಗಿದಳು. ಚೈನು ಒಂದೇ ಸಮನೆ ಓಡಿತು. ಅವಳು ಅಂದುಕೊಂಡ ಕಡೆಗೇ ಮರ ಬಿತ್ತು. ಸಂಜೆಯ ಹೊತ್ತಿಗೆ ಬಾವಿಯ ಸಾಲಿನ ಒಣಮರಗಳೆಲ್ಲ ನೆಲ ಹಿಡಿದಿದ್ದವು.

ಷಡಕ್ಷರಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಗುತ್ತಿಗೆಯವ್ರಿಗೆ ಬರೋದು ಬ್ಯಾಡ ಅಂತೀನಿ ಬಿಡು," ಎಂದು ಹೊರಟುಹೋದರು. ಅರುಣಾ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಬಸ್ಸಿಗೆ ಕಾಯುವಾಗ ಅವಳೇ ಕೇಳಿದಳು. "ಅಂಗಡಿಗೆ ಬರೋರ್ನೆಲ್ಲ ಅಕ್ಕ ಅಂತೀರಂತೆ. ನನ್ನ ಯಾಕೆ ಅನ್ನಲಿಲ್ಲ?"

"ಬಾಯಿಗೆ ಬರಲಿಲ್ಲ."

"ಬರದೇ ಇದ್ದಿದ್ದು ಒಳ್ಳೇದಾಯ್ತು." ಅವಳು ನೇರವಾಗಿ ಅವನನ್ನೇ ನೋಡಿದಳು. "ನಿಮ್ಮ ಮನೆ ಹಿರಿಯರನ್ನ ಕರ್ಕಂಡು ಬನ್ನಿ. ಆದ್ರೆ ಈಗ್ಲೇ ಹೇಳ್ತೀನಿ, ಈ ತೋಟ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ದೂರದಲ್ಲಿ ಅರಸೀಕೆರೆ ಬಸ್ಸಿನ ದೀಪ ಕಂಡಿತು. ಇಂದುಧರ ಅದನ್ನು ನೋಡಿ, ಮತ್ತೆ ಅವಳನ್ನು ನೋಡಿದ.

"ನೀವ್ಯಾಕೆ ಬರ್ಬೇಕು? ಬೆಳಿಗ್ಗೆ ಅಂಗಡಿಗೆ ಹೋಗೋಕೆ ಮೊದಲ ಬಸ್ ಐತೆ. ಸಂಜೆ ನಿಮ್ಮತ್ರ ಬರೋಕೆ ಇನ್ನೊಂದು ಐತೆ."