ಬಲ್ಬಿನ ಮೇಲಿನ ಬೆರಳು

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಶಟರ್ ಎತ್ತಿದಾಗ ಮೊದಲು ಮೂಗಿಗೆ ಬಡಿದದ್ದು ಸುಟ್ಟ ಚರ್ಮದ ವಾಸನೆ.

ಹಿರಿಯ ಫಿಟ್ಟರ್ ಪುಟ್ಟಸ್ವಾಮಿ ಅಂಗಾತ ಬಿದ್ದಿದ್ದರು. ತಲೆ ಒಡೆದು, ರಕ್ತ ಸಿಮೆಂಟಿನ ಮೇಲೆ ಕಪ್ಪಗೆ ಹೆಪ್ಪುಗಟ್ಟಿತ್ತು. ಎದೆಯ ಮೇಲೆ ಉರುಳಿದ್ದ ದೊಡ್ಡ ಲೈಟು ಅವರ ಎಡಗೆನ್ನೆಯನ್ನು ಬೇಯಿಸಿಬಿಟ್ಟಿತ್ತು. ಸ್ವಿಚ್ಚು ಇನ್ನೂ ಆನ್ ಆಗಿತ್ತು. ಬಲ್ಬು ಮಾತ್ರ ಸತ್ತಿತ್ತು.

ಹಾಸನದ ಶಿವಜ್ಯೋತಿ ಲೈಟ್ಸ್ ಸಿನಿಮಾಕ್ಕೆ, ಟಿ.ವಿ. ಸ್ಟುಡಿಯೋಗಳಿಗೆ ಲೈಟು ಮಾಡಿಕೊಡುವ ಕಾರ್ಖಾನೆ. ಅದರ ನಲವತ್ತು ವರ್ಷದ ಇತಿಹಾಸ ಬರೆಯಲು ಮಾಲೀಕ ಚಂದ್ರಯ್ಯನವರು ನನ್ನನ್ನು ನೇಮಿಸಿದ್ದರು. ಈ ಲೈಟು ಆ ಪುಸ್ತಕದ ಮೊದಲ ಪುಟ—ಚನ್ನರಾಯಪಟ್ಟಣದ ತಮ್ಮ ಪಾತ್ರೆ ಅಂಗಡಿಯ ಹಿಂದೆ, ಹಾಲಿನ ಕ್ಯಾನು ಕತ್ತರಿಸಿ, ಚಂದ್ರಯ್ಯನವರು ಸ್ವಂತ ಕೈಯಿಂದ ಮಾಡಿದ ಮೊದಲ ಲೈಟು.

"ಉರ್ಸಿ ನೋಡಕ್ ಓಗಿ ಮೈಮೇಲೆ ಕೆಡವ್ಕೊಂಡವ್ನೆ," ಚಂದ್ರಯ್ಯ ಕಣ್ಣೊರೆಸಿಕೊಂಡರು. "ವಯಸ್ಸಾಗಿತ್ತು. ಏಳಿದ್ರೆ ಕೇಳ್ತಿರ್ಲಿಲ್ಲ."

ಇನ್‌ಸ್ಪೆಕ್ಟರ್ ಸಿಂಧು ಬಗ್ಗಿ ನೋಡಿದರು.

"ಒಂದೇ ಸಲ ಬಿದ್ದ ಲೈಟು ಮೂರು ಕಡೆ ತಲೆ ಒಡೆಯುತ್ತಾ? ನಿನ್ನೆ ಭಾನುವಾರ, ಕಾರ್ಖಾನೆಗೆ ರಜೆ. ಬೀಗದ ಕೈ ಯಾರ್ಯಾರ ಹತ್ರ ಇದೆ?"

ಮೂವರ ಹತ್ತಿರ—ಪುಟ್ಟಸ್ವಾಮಿ, ಚಂದ್ರಯ್ಯ, ಇನ್ನೊಬ್ಬ ಫಿಟ್ಟರ್ ಬಸವೇಶ.

ಶನಿವಾರ ಬಸವೇಶ ಪುಟ್ಟಸ್ವಾಮಿಯವರ ಕೊರಳಪಟ್ಟಿ ಹಿಡಿದಿದ್ದನ್ನು ಎಲ್ಲರೂ ನೋಡಿದ್ದರು. ಕಾನ್‌ಸ್ಟೇಬಲ್ ಬಿಟ್ಟ ಏಟಿಗೆ ಅವನ ತುಟಿ ಸೀಳಿತು.

"ಯಾಕ್ಲಾ ಜಗಳ?"

"ಬೆಸುಗೆ ನೆಟ್ಟಗಿಲ್ಲ ಅಂತ ಬೈದ್ರು ಸಾ. ಕ್ವಾಪ ಬಂತು. ಕೆಲ್ಸ ಕಲ್ಸಿದ್ ಗುರು ಸಾ ಅವ್ರು! ಸಾಯ್ಸ್ತೀನಾ?"

ಮತ್ತೊಂದು ಏಟು. ಕೈಗೆ ಬೇಡಿ. ನನಗೊಂದು ವಿಷಯ ಗೊತ್ತಿತ್ತು. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಹತ್ತಕ್ಕೆ ಅರಕಲಗೂಡಿನಿಂದ ಪುಟ್ಟಸ್ವಾಮಿಯವರ ಹೆಂಡತಿ ಚಿಕ್ಕಲಕ್ಷ್ಮಮ್ಮ ಬಂದರು. ಚಂದ್ರಯ್ಯ ಹೊರಗೆ ಫೋನಿನಲ್ಲಿದ್ದರು. ಚಿಕ್ಕಲಕ್ಷ್ಮಮ್ಮ ಅಳಲಿಲ್ಲ. ಗಂಡನ ಕೈ ಹಿಡಿದು ಕೂತರು.

"ಲೈಟ್ನಲ್ಲಿ ಸುಟ್ಕೊಂಡ್ರಾ? ಇವ್ರಾ? ಮನೇಲಿ ಬಲ್ಬ್ ಆಕೋಕೂ ಬಟ್ಟೆ ಕೇಳೋರು ಕಣವ್ವ. 'ಬಲ್ಬೇನು ಮಡೀಲೈತಾ?' ಅಂತ ನಾನು ನಗಾಡ್ತಿದ್ದೆ."

ಸಿಂಧು ಸರಕ್ಕನೆ ಲೈಟಿನ ಕಡೆ ತಿರುಗಿದರು. ಒಳಗಿನ ಬಲ್ಬನ್ನು ಚಿಮುಟದಲ್ಲಿ ಎಳೆದರು. ಗಾಜು ಒಂದು ಕಡೆ ಗುಳ್ಳೆಯ ಹಾಗೆ ಉಬ್ಬಿತ್ತು. ಉಬ್ಬಿನ ಮೇಲೆ ಬಿಳಿಯ ಮಚ್ಚೆ. ಕಸದ ಡಬ್ಬ ಸುರಿದರು—ಇನ್ನೊಂದು ಬಲ್ಬಿನ ಚೂರುಗಳು, ರಕ್ತದ ಸಮೇತ.

ಚಂದ್ರಯ್ಯ ಒಳಗೆ ಬಂದರು.

"ಯಜಮಾನರೇ, ಇದು ನಿಮ್ಮ ಮೊದಲ ಲೈಟಲ್ವಾ? ಬಲ್ಬು ಹೇಗೆ ಹಾಕೋದು, ತೋರಿಸಿ."

ಚಂದ್ರಯ್ಯ ನನ್ನ ಕಡೆ ನೋಡಿ ಹೆಮ್ಮೆಯಿಂದ ನಕ್ಕರು. ಡಬ್ಬಿಯಿಂದ ಹೊಸ ಬಲ್ಬು ತೆಗೆದು, ಗಾಜನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ಕೂರಿಸಿದರು.

ಸುತ್ತ ನಿಂತಿದ್ದ ಹನ್ನೆರಡು ಕೆಲಸಗಾರರು ಮುಂದಕ್ಕೆ ಬಗ್ಗಿದರು. ಎಲ್ಲರ ಕಣ್ಣೂ ಆ ಬೆರಳುಗಳ ಮೇಲಿತ್ತು.

"ಈಗ ನೀನು, ಬಸವೇಶ."

"ಒಂದು ಬಟ್ಟೆ ಕೊಡಿ ಮೇಡಮ್."

"ಯಾಕೆ?"

"ಈ ಹ್ಯಾಲೊಜೆನ್ ಬಲ್ಬಿಗೆ ಬೆರಳಿನ ಜಿಡ್ಡು ತಾಕಿದ್ರೆ, ಕಾದಾಗ ಅಲ್ಲೇ ಗಾಜು ಉಬ್ಬೋಯ್ತದೆ. ಬಲ್ಬು ಬಾಳಲ್ಲ. ಇಲ್ಲಿ ಮೊದಲ್ನೇ ದಿನ ಏಳ್ಕೊಡೋದೇ ಅದು."

ಸಿಂಧು ಉಬ್ಬಿದ ಬಲ್ಬು ಎತ್ತಿ ಹಿಡಿದರು. "ಹೊಡೆದಾಟದಲ್ಲಿ ಹಳೇ ಬಲ್ಬು ಒಡೀತು. ಅಪಘಾತ ಅನ್ನಿಸಬೇಕಾದ್ರೆ ಲೈಟು ಉರೀಬೇಕಿತ್ತು. ಕೊಂದವನು ಹೊಸದು ಹಾಕಿದ—ಬರಿಗೈಲಿ. ಬೀಗದ ಕೈ ಇದ್ದ ಮೂವರಲ್ಲಿ ಹಾಗೆ ಹಾಕೋರು ಒಬ್ಬರೇ. ನೀವು."

"ನಲ್ವತ್ ವರ್ಸದಿಂದ ಲೈಟ್ ಮಾಡ್ತಿರೋನು ನಾನು!"

"ಹಾಗಾದ್ರೆ ಈ ಪಾಠ ನಿಮಗೆ ಯಾಕೆ ಗೊತ್ತಿಲ್ಲ?"

ಆಗ ನಾನು ಬಾಯಿ ಬಿಟ್ಟೆ.

"ಆ ಲೈಟು ಮಾಡಿದ್ದು ಪುಟ್ಟಸ್ವಾಮಿ, ಮೇಡಮ್. ಪುಸ್ತಕದಲ್ಲಿ ಅವರ ಹೆಸರು ಹಾಕಿ ಅಂತ ಕೇಳಿದ್ರು. ಹಾಕಲಾ ಅಂತ ನಾನೇ ಯಜಮಾನರನ್ನ ವಿಚಾರಿಸಿದೆ... ಶುಕ್ರವಾರ."

ಚಂದ್ರಯ್ಯ ಕಬ್ಬಿಣದ ಸ್ಟ್ಯಾಂಡು ಎತ್ತಿ ಬೀಸಿದರು. ನನ್ನ ಭುಜದ ಮೂಳೆ ಲಟಕ್ಕೆಂದಿತು. ನಾಲ್ವರು ಪೊಲೀಸರು ಅವರನ್ನು ರಕ್ತದ ಕಲೆಯ ಮೇಲೇ ಕೆಡವಿ ಒತ್ತಿ ಹಿಡಿದರು.

"ನೆನ್ನೆ ಕರ್ದು ಬುದ್ಧಿ ಏಳ್ದೆ! ಕೇಳ್ಲಿಲ್ಲ," ಅವರು ನೆಲಕ್ಕೆ ಮುಖವೊತ್ತಿಕೊಂಡು ಅರಚಿದರು. "ಹೆಸ್ರು ಬೇಕಂತೆ, ಹೆಸ್ರು!"

ಚಿಕ್ಕಲಕ್ಷ್ಮಮ್ಮ ಗಂಡನ ಕೈ ಬಿಡಲಿಲ್ಲ.

"ಪುಸ್ತಕದಾಗೆ ಒಂದು ಸಾಲು," ಎಂದರು. "ಬರ್ಸಿದ್ರೆ ನಿಮ್ದೇನು ಸವೆದೋಗ್ತಿತ್ತು ಸ್ವಾಮಿ?"