ಗೋಜಲನಾಥನ ಮೂರು ಬಾಗಿಲು

ಬಹಳ ಹಿಂದೆ, ಏಳುಹೊಳೆ ಎಂಬ ರಾಜ್ಯದಲ್ಲಿ ಹೊಳೆಗಳೆಲ್ಲ ಹರಿಯುತ್ತಿದ್ದ ಹಾಗೇ ಕಲ್ಲಾದವು. ಗೋಜಲನಾಥನೆಂಬ ಮಾಂತ್ರಿಕನ ಕೆಲಸ ಅದು. ಅವನನ್ನು ಕೊಲ್ಲಲು ಹೋದ ಯುವರಾಜ ಮಾರಸಿಂಗನೂ ಕಲ್ಲಾದ.

ಅಣ್ಣನನ್ನು ಹುಡುಕಿಕೊಂಡು ತಂಗಿ ಕೇತಲೆ ಹೊರಟಳು. ಬೆಟ್ಟ ಹತ್ತಿದಳು, ಕಾಡು ದಾಟಿದಳು, ಮತ್ತೆ ಬೆಟ್ಟ ಹತ್ತಿದಳು. ಮಾಂತ್ರಿಕನ ಕೋಟೆ ಮುಟ್ಟುವಷ್ಟರಲ್ಲಿ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ.

ಮೊದಲ ಬಾಗಿಲಲ್ಲಿ ಸಿಂಹ ಮಲಗಿತ್ತು. ಮುಂದೆ ನಾಲ್ಕು ಬಂಡೆಗಳು. ಅವುಗಳ ಮೇಲೆ ಕೆತ್ತಿತ್ತು: ಐದು, ಎರಡು ಯ-ಘನ, ಮೂರು ಯ, ನಾಲ್ಕು ಯ-ವರ್ಗ.

“‘ಯ’ ಅಂದರೆ ಗೊತ್ತಿಲ್ಲದ ಸಂಖ್ಯೆ,” ಎಂದಿತು ಸಿಂಹ. “ಇವನ್ನು ಆದರ್ಶ ರೂಪದಲ್ಲಿ ನಿಲ್ಲಿಸು. ಹೆಚ್ಚಿನದು ಮುಂದೆ, ಕಡಿಮೆಯದು ಹಿಂದೆ.”

ಕೇತಲೆ ಐದು, ನಾಲ್ಕು, ಮೂರು, ಎರಡು ಎಂದು ತಳ್ಳಿ ನಿಲ್ಲಿಸಿದಳು. ಸಿಂಹ ಅವಳ ಭುಜ ಪರಚಿತು.

“ಮತ್ತೆ ನೋಡು.”

ಅವಳು ಕುಸಿದು ಕೂತು ನೋಡಿದಳು. ಘನದಲ್ಲಿ ಯ ಮೂರು ಸಲ ಗುಣಿಸಿಕೊಂಡಿದೆ, ವರ್ಗದಲ್ಲಿ ಎರಡು ಸಲ. ಬರೀ ಐದರಲ್ಲಿ ಯ ಇಲ್ಲವೇ ಇಲ್ಲ.

“ಯ ಜೊತೆಗಿನ ಅಂಕಿಯಲ್ಲ, ಯ ಎಷ್ಟು ಸಲ ಗುಣಿಸಿಕೊಂಡಿದೆ ಎಂಬ ಘಾತ ನೋಡಬೇಕಿತ್ತು,” ಎಂದು ನಿಟ್ಟುಸಿರಿಟ್ಟು, ಬಂಡೆಗಳನ್ನು ಮೊದಲಿನಿಂದ ತಳ್ಳಿದಳು. ಘನ, ವರ್ಗ, ಯ, ಕೊನೆಗೆ ಐದು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಬಿಳಿ ಆನೆ. “ಒಂದೇ ಜಾತಿಯವನ್ನು ಕೂಡಿಸು,” ಎಂದಿತು. ಅಲ್ಲಿ ಮೂರು ಯ-ವರ್ಗ, ಆರು ಯ, ನಾಲ್ಕು ಯ-ವರ್ಗ ಚದುರಿ ಬಿದ್ದಿದ್ದವು. ಕೇತಲೆ ಬೆನ್ನು ಕೊಟ್ಟು ಎರಡೂ ವರ್ಗಗಳನ್ನು ಒಂದಕ್ಕೊಂದು ತಾಗಿಸಿದಳು. ಅವು ಬೆಸೆದು ಏಳು ಯ-ವರ್ಗವಾದವು.

“ಆರನ್ನೂ ಸೇರಿಸಿಬಿಡು. ಪಾಪ, ಸುಸ್ತಾಗಿದ್ದೀಯ,” ಎಂದಿತು ಆನೆ.

“ಸುಸ್ತಾಗಿದೆ, ನಿಜ. ಆದರೆ ಅದರ ಘಾತ ಬೇರೆ. ಸೇರುವುದಿಲ್ಲ.”

ಆನೆ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಗೋಜಲನಾಥನೇ ಮುಗಿಲೆತ್ತರ ನಿಂತಿದ್ದ. ಎದೆಯ ಮೇಲೆ ‘ಒಂಬತ್ತು ಯ-ಘಾತ ನೂರು’ ಎಂದು ಬೆಂಕಿಯ ಅಕ್ಷರ. ಅವನೆದುರು ಕತ್ತಿ ಎತ್ತಿದ ಮಾರಸಿಂಗ ಕಲ್ಲಾಗಿದ್ದ.

“ನನಗಿಂತ ಮುಂದೆ ನಿಲ್ಲುವವರು ಯಾರಿದ್ದಾರೆ? ಕತ್ತಿ ಎತ್ತು!”

ಕೇತಲೆಗೆ ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಒರಗಲು ಒಂದು ಗೋಡೆ ಸಿಕ್ಕೀತೇ ಎಂದು ಅವನನ್ನು ಸುತ್ತಿ ಹಿಂದೆ ಹೋದಳು. ಅವನ ಜಡೆಯ ಕೆಳಗೆ, ಬೆನ್ನ ಮೇಲೆ, ಸಣ್ಣಕ್ಷರದಲ್ಲಿ ಬರೆದಿತ್ತು: ‘ಕಳೆ ಒಂಬತ್ತು ಯ-ಘಾತ ನೂರು.’

“ಎರಡೂ ಒಂದೇ ಜಾತಿ,” ಎಂದಳು ಕೇತಲೆ. “ಕೂಡಿಸಿದರೆ ಸೊನ್ನೆ.”

ಬೆಂಕಿ ಆರಿತು. ಮಾಂತ್ರಿಕ ಇಳಿದ, ಇಳಿದ, ಅವಳ ಮೊಣಕಾಲಿನಷ್ಟಾದ. ಮೈಮೇಲೆ ‘ಎರಡು ಯ, ಕೂಡು ಒಂದು’ ಅಷ್ಟೇ ಉಳಿದಿತ್ತು.

“ಇಷ್ಟೇನಾ ನೀನು?”

“ಇಷ್ಟೇ, ತಾಯಿ. ಯಾರೂ ಕೂಡಿಸಿ ನೋಡಿರಲಿಲ್ಲ,” ಎಂದು ಮುಖ ಮುಚ್ಚಿಕೊಂಡು ಕಾಡಿಗೆ ಓಡಿದ.

ಮಾರಸಿಂಗ ಕಣ್ಣು ಬಿಟ್ಟ. “ನಿನಗೆ ಹೆದರಿಕೆಯಾಗಲಿಲ್ಲವೇನೆ?”

“ಹೆದರೋದಕ್ಕೂ ತ್ರಾಣ ಬೇಕಲ್ಲ, ಅಣ್ಣ.”

ಅವನು ತಂಗಿಯನ್ನು ಬೆನ್ನಿಗೇರಿಸಿಕೊಂಡು ಬೆಟ್ಟ ಇಳಿದ. ಏಳೂ ಹೊಳೆಗಳು ಹರಿದವು. ದಂಡೆಯ ಮಂದಿ ಉಂಡುಟ್ಟು ನೂರ್ಕಾಲ ನಗುತ್ತ ಬಾಳಿದರು. ನಿದ್ದೆಹೋಗಿದ್ದ ಕೇತಲೆ ಅರಮನೆಯ ಹಬ್ಬಕ್ಕೂ ಏಳಲೇ ಇಲ್ಲ. ಯಾರೂ ಎಬ್ಬಿಸಲೂ ಇಲ್ಲ.