ಮೂರು ಪಾದ ಹತ್ತಿರ

ಎಲ್ಲರೂ ಕಡ್ಡಿ ಎಂದು ಕರೆಯುವ ಓಟದ ಹುಡುಗಿಯನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದು ಹತ್ತು ನಿಮಿಷವಾಗಿತ್ತು. ಅವಳ ಬಲಗಾಲಿನ ಶೂ ಮಾತ್ರ ಟ್ರ್ಯಾಕಿನ ಮೇಲೆ ಉಳಿದಿತ್ತು. ಕೋಚ್ ಅದನ್ನು ಎತ್ತಿಕೊಂಡರು. ನಾಲ್ಕನೆಯ ಲೇನಿನಲ್ಲಿ ಅವಳು ನಿಂತಿದ್ದ ಗೆರೆಯಿಂದ ಹಿಂದಕ್ಕೆ, ಶೂ ಇಡುವುದು, ತುದಿಗೆ ಬೆರಳಿಡುವುದು, ಮತ್ತೆ ಶೂ ಇಡುವುದು, ಹೀಗೆ ಎಣಿಸುತ್ತಾ ಹೋದರು.

ಇಪ್ಪತ್ತನಾಲ್ಕಕ್ಕೆ ಶೂವಿನ ತುದಿ ಬಿಳಿ ಟೇಪಿನ ಅಂಚಿಗೆ ಸರಿಯಾಗಿ ತಾಗಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇಪ್ಪತ್ತೇಳಿರಬೇಕಿತ್ತು ಮೇಡಂ," ಎಂದರು ಕೋಚ್. "ಯಾರೋ ಟೇಪ್ ಕಿತ್ತು ಅಂಟಿಸಿದಾರೆ. ನನ್ನ ಹುಡುಗಿ ಕಾಲು ಮುರಿದಿದಾರೆ."

ಇನ್ಸ್‌ಪೆಕ್ಟರಮ್ಮ ಟೇಪನ್ನು ನೋಡಿದರು, ಶೂವನ್ನು ನೋಡಿದರು. ಹದಿನೆಂಟು ದೇಶಗಳ ಎಳೆಯರ ಕ್ರೀಡಾಕೂಟ ಇದು. ಅವರನ್ನು ಬಂದೋಬಸ್ತಿಗೆ ಹಾಕಿ ಐದು ದಿನವಾಗಿತ್ತು. ಅಷ್ಟರಲ್ಲಿ ಅವರ ಪಾಲಿಗೆ ಬಂದ ಕೇಸೆಂದರೆ ಎರಡು ಮೊಬೈಲು, ಒಂದು ಕೊಡೆ. ಓಟದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಬಸ್ ಹಿಂದೆ ಓಡುವಷ್ಟು ಮಾತ್ರ.

"ಈ ಟೇಪ್ ಯಾತಕ್ಕೆ? ನಂಗೆ ಗೊತ್ತಿಲ್ಲ ಅಂತ ತಿಳ್ಕೊಂಡು ಹೇಳಿ."

"ರಿಲೇಲಿ ನಾಲ್ಕು ಜನ. ಮೂರನೆಯವಳು ಮೊಂಡಿ, ಕೊನೆಯವಳು ಕಡ್ಡಿ. ಮೊಂಡಿ ಬ್ಯಾಟನ್ ಹಿಡ್ಕೊಂಡು ಓಡಿ ಬರ್ತಾಳೆ. ಅವಳ ಕಾಲು ಈ ಟೇಪಿಗೆ ಬಂದ ತಕ್ಷಣ ಕಡ್ಡಿ ತಿರುಗಿ ಓಡೋಕೆ ಶುರು. ಆಮೇಲೆ ಹಿಂದೆ ನೋಡೋ ಹಾಗಿಲ್ಲ. ಕೈ ಮಾತ್ರ ಹಿಂದೆ. ಒಬ್ಬೊಬ್ಬಳೂ ತನ್ನ ಶೂವಿಂದಲೇ ಅಳೆದು ಟೇಪ್ ಹಾಕ್ತಾಳೆ. ಆರು ತಿಂಗಳಿಂದ ಇವಳದು ಇಪ್ಪತ್ತೇಳು ಪಾದ."

ಸ್ವಲ್ಪ ಮುಂಚೆ ನಡೆದ ಓಟದಲ್ಲಿ ಮೊಂಡಿ ಟೇಪಿಗೆ ಬಂದಳು, ಕಡ್ಡಿ ಹೊರಟಳು, ವೇಗ ಹಿಡಿಯುವ ಮೊದಲೇ ಮೊಂಡಿ ಅವಳ ಬೆನ್ನ ಮೇಲೆ ಬಿದ್ದಳು. ಇಬ್ಬರೂ ಉರುಳಿದರು. ಕಡ್ಡಿಯ ಮೊಣಕಾಲು ಮಡಚಿಕೊಂಡ ರೀತಿ ನೋಡಿ ಇಡೀ ಗ್ಯಾಲರಿ ಒಮ್ಮೆಲೇ ಎದ್ದು ನಿಂತಿತ್ತು.

"ಯಾರ ಮೇಲೆ ಅನುಮಾನ?"

ಕೋಚ್ ಮುಖ ಸಿಂಡರಿಸಿದರು. "ಅನುಮಾನ ಅಲ್ಲ ಮೇಡಂ. ಕ್ಯಾಮೆರಾದಲ್ಲೇ ಇದೆ. ಐದನೆಯವಳು."

* * *

ಐದನೆಯವಳಿಗೆ ಹದಿನೇಳು ವರ್ಷ. ತಂಡದಲ್ಲಿ ಐದು ಜನ, ಓಡುವುದು ನಾಲ್ವರು. ಕೂದಲೆಳೆಯಷ್ಟು ಸಮಯದ ಅಂತರದಲ್ಲಿ ಮೊಂಡಿಗೆ ಜಾಗ ಸಿಕ್ಕಿ, ಇವಳಿಗೆ ಬಟ್ಟೆಬುಟ್ಟಿ ಸಿಕ್ಕಿತ್ತು. ಓಟಗಾರ್ತಿಯರು ಕಳಚಿದ ಜಾಕೆಟ್ಟುಗಳನ್ನು ತುಂಬಿಕೊಂಡು ಬರುವುದು ಅವಳ ಕೆಲಸ.

ಕ್ಯಾಮೆರಾದಲ್ಲಿ ಸ್ಪಷ್ಟವಾಗಿತ್ತು. ಓಟಕ್ಕೆ ನಾಲ್ಕು ನಿಮಿಷ ಮುಂಚೆ ಅವಳು ಟೇಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆನ್ನು ಕ್ಯಾಮೆರಾ ಕಡೆಗೆ.

ಮಸಾಜ್ ಕೋಣೆಯಲ್ಲಿ ಎಣ್ಣೆಯ ವಾಸನೆ, ಒದ್ದೆ ಟವೆಲ್ಲಿನ ವಾಸನೆ. ಅವಳು ಬುಟ್ಟಿಯನ್ನು ಇನ್ನೂ ತಬ್ಬಿಕೊಂಡೇ ಕೂತಿದ್ದಳು.

"ಏನ್ ಮಾಡ್ತಿದ್ದೆ ಅಲ್ಲಿ?" ಎಂದು ಕೇಳಿದರು ಇನ್ಸ್‌ಪೆಕ್ಟರಮ್ಮ.

"ಅಂಟು ಬಿಟ್ಟಿದೆ, ಸ್ವಲ್ಪ ಒತ್ತು ಅಂದ್ಳು ಕಡ್ಡಿ ಅಕ್ಕ. ಒತ್ತಿದೆ."

"ಅಷ್ಟೇನಾ?"

"ಅಷ್ಟೇ."

"ಮೊನ್ನೆ ಊಟದ ಮನೇಲಿ 'ನೀವು ಬೀಳ್ತೀರ, ಆಗ ನನ್ನ ನೆನಪಾಗುತ್ತೆ' ಅಂದಿದ್ಯಂತೆ."

ಹುಡುಗಿಯ ಕಣ್ಣು ತುಂಬಿತು. "ಹೊಟ್ಟೆ ಉರಿದಿತ್ತು ಮೇಡಂ. ಅಂದೆ. ಬೀಳಲಿ ಅಂತ ಅನ್ನಲಿಲ್ಲ."

ಬಾಯಿಂದ ಜಾರಿದ ಮಾತು ಈಗ ಅವಳ ಕುತ್ತಿಗೆಗೇ ಸುತ್ತಿಕೊಂಡಿತ್ತು. ಮೂರೂವರೆಗೆ ಶಿಸ್ತು ಸಮಿತಿ ಸೇರುತ್ತದೆ. ತೀರ್ಪು ಹೆಚ್ಚುಕಡಿಮೆ ಬರೆದಿಟ್ಟಂತೆಯೇ ಇತ್ತು: ಆಜೀವ ನಿಷೇಧ. ಹದಿನೇಳಕ್ಕೆ ಆಜೀವ ಎಂದರೆ ಎಷ್ಟು ಉದ್ದ ಎಂದು ಆ ಸಮಿತಿಯ ಅರವತ್ತು ದಾಟಿದವರಿಗೆ ಹೇಗೆ ತಿಳಿಯಬೇಕು?

"ನಿನ್ನ ಶೂ ಕೊಡಮ್ಮ," ಎಂದರು ಇನ್ಸ್‌ಪೆಕ್ಟರಮ್ಮ. ಕಡ್ಡಿಯ ಶೂ ಪಕ್ಕ ಇಟ್ಟು ನೋಡಿದರು. ಐದನೆಯವಳದು ಒಂದು ಬೆರಳಿನಷ್ಟು ದೊಡ್ಡದು.

ಪಕ್ಕದ ಬೆಂಚಿನಲ್ಲಿ ಮೊಂಡಿ ಕೂತಿದ್ದಳು. ತೊಡೆಯ ಹಿಂಭಾಗಕ್ಕೆ ಐಸ್ ಚೀಲ. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು.

"ಬಿದ್ದಾಗ ಪೆಟ್ಟಾಯ್ತಾ?"

"ಹೂಂ ಮೇಡಂ."

ಮುಂದಕ್ಕೆ ಬಿದ್ದವಳಿಗೆ ತೊಡೆಯ ಹಿಂದೆ ಪೆಟ್ಟು. ಇನ್ಸ್‌ಪೆಕ್ಟರಮ್ಮ ಆ ಐಸ್ ಚೀಲವನ್ನು ಇನ್ನೊಮ್ಮೆ ನೋಡಿ ಎದ್ದರು.

* * *

ಆಸ್ಪತ್ರೆಯಲ್ಲಿ ಕಡ್ಡಿಯ ಕಾಲಿಗೆ ದಬ್ಬೆ ಕಟ್ಟಿದ್ದರು. ಡಾಕ್ಟರು ಬಾಗಿಲಲ್ಲೇ ಮೆಲ್ಲಗೆ ಹೇಳಿದ್ದರು: ನಡೀತಾಳೆ, ಓಡೋದು ಮಾತ್ರ ಮರೆತುಬಿಡಿ. ಅವಳಿಗೆ ಇನ್ನೂ ಹೇಳಿರಲಿಲ್ಲ.

"ಮೊಂಡಿಗೇನೂ ಆಗಿಲ್ಲ ತಾನೇ?" ಇದು ಅವಳ ಮೊದಲ ಮಾತು.

"ಇಲ್ಲ. ಟೇಪ್ ಯಾರು ಸರಿಸಿದ್ರು ಅಂತ ಕೇಳೋಕೆ ಬಂದೆ. ಐದನೆಯವಳನ್ನ ಹಿಡಿದಿದಾರೆ."

ಹುಡುಗಿ ಗಾಬರಿಯಾದಳು. "ಅವಳಲ್ಲ. ಪಾಪ, ಅವಳೇನೂ ಮಾಡಿಲ್ಲ. ನಾನೇ ತಪ್ಪಿ ಎಣಿಸಿದೆ."

ಹಿಂದೆ ನಿಂತಿದ್ದ ಕೋಚ್ ತಲೆಯಲ್ಲಾಡಿಸಿದರು. "ನೋಡಿ ಮೇಡಂ, ಎಂಥ ಮನಸ್ಸು. ನಿದ್ದೇಲಿ ಎಬ್ಬಿಸಿದ್ರೂ ಇಪ್ಪತ್ತೇಳು ಅಂತಾಳೆ. ಇವಳು ತಪ್ಪಿ ಎಣಿಸ್ತಾಳಾ? ಆ ಹುಡುಗಿನ ಉಳಿಸೋಕೆ ಸುಳ್ಳು ಹೇಳ್ತಿದಾಳೆ."

ಕಡ್ಡಿ ಸೂರು ನೋಡುತ್ತಾ ಮಲಗಿದ್ದಳು. ನೋವಿನ ಔಷಧಿಯಿಂದ ಕಣ್ಣು ಎಳೆಯುತ್ತಿತ್ತು. ಯಾರಿಗೂ ಅಲ್ಲ, ತನಗೇ ಎಂಬಂತೆ ಅಂದಳು: "ಅಷ್ಟು ಜೋರಾಗಿ ಹೇಗೆ ಬಂದ್ಳು ಅವಳು?"

ಕಾರಿಡಾರಿನಲ್ಲಿ ಇನ್ಸ್‌ಪೆಕ್ಟರಮ್ಮ ಕೋಚ್ ಕೈ ಹಿಡಿದು ನಿಲ್ಲಿಸಿದರು. "ಸಾರ್, ನಾನು ನಿಮ್ಮ ತಂಡ ಕೆಡಿಸಬೇಕು ಅಂತಿಟ್ಕೊಳ್ಳಿ. ಟೇಪ್ ಎತ್ತ ಸರಿಸ್ತೀನಿ?"

"ದೂರಕ್ಕೆ. ಆಗ ಕಡ್ಡಿ ಬೇಗ ಹೊರಟುಬಿಡ್ತಾಳೆ. ಮೊಂಡಿ ಎಷ್ಟು ಓಡಿದ್ರೂ ಬ್ಯಾಟನ್ ಕೈಗೆ ಸಿಗಲ್ಲ. ತಂಡ ಔಟ್. ಯಾರಿಗೂ ಅನುಮಾನಾನೂ ಬರಲ್ಲ."

"ಹತ್ತಿರಕ್ಕೆ ಸರಿಸಿದ್ರೆ?"

"ಕಡ್ಡಿ ತಡವಾಗಿ ಹೊರಡ್ತಾಳೆ. ಮೊಂಡಿ ಆರಾಮಾಗಿ ತಲುಪ್ತಾಳೆ. ಹಿಂದಿಂದ ಬರೋಳು ನಿಧಾನ ಇದ್ರೆ ನಾವೇ ಹಾಗೆ ಇಡ್ತೀವಿ..."

ಕೋಚ್ ತಿರುಗಿ ಕಡ್ಡಿಯ ಕೋಣೆಯ ಬಾಗಿಲು ನೋಡಿದರು.

"ಮೊಂಡಿ ನಿಧಾನ ಆಗಿದ್ದಳಾ ಸಾರ್?"

"ಗೊತ್ತಿಲ್ಲ ಮೇಡಂ. ಮೂರು ದಿನದಿಂದ ಪ್ರಾಕ್ಟೀಸ್ ರಜ ಕೊಟ್ಟಿದ್ದೆ. ನೋಡಿಲ್ಲ ನಾನು."

* * *

ಹುಡುಗಿಯರ ಹಾಸ್ಟೆಲಿನ ರೂಮಿನಲ್ಲಿ ಎರಡಂತಸ್ತಿನ ಕಬ್ಬಿಣದ ಮಂಚ. ಮೇಲಿನ ಹಾಸಿಗೆಯ ತಲೆದಿಂಬಿಗೆ ಕಡ್ಡಿಯ ಟೀ ಶರ್ಟು ಸುತ್ತಿತ್ತು. ಕೆಳಗೆ ಮೊಂಡಿಯ ಚೀಲ.

"ಮೊದಲು ಮೊಂಡೀನೇ ಮೇಲೆ ಮಲಗ್ತಿದ್ದಿದ್ದು," ಎಂದಳು ವಾರ್ಡನ್. "ಏಣಿ ಮುಟ್ಟುತ್ತಿರಲಿಲ್ಲ ಅವಳು, ಧೊಪ್ಪಂತ ಹಾರೋಳು. ಮೂರು ದಿನದಿಂದ ಜಾಗ ಬದಲಾಯಿಸಿದಾರೆ. 'ಕೆಳಗೆ ಸೆಕೆ, ನಂಗೆ ಫ್ಯಾನ್ ಹತ್ತಿರ ಬೇಕು' ಅಂತ ಕಡ್ಡಿ ಹಟ ಮಾಡಿದ್ಳು. ಯಾವತ್ತೂ ಹಟ ಮಾಡೋ ಹುಡುಗಿಯಲ್ಲ."

ಇನ್ಸ್‌ಪೆಕ್ಟರಮ್ಮ ಫ್ಯಾನ್ ನೋಡಿದರು. ಅದರ ಒಂದು ರೆಕ್ಕೆಯೇ ಇರಲಿಲ್ಲ.

ಕಸದ ಬುಟ್ಟಿಯಲ್ಲಿ ಹರಿದ ಕಾಲುಚೀಲವೊಂದಿತ್ತು. ಒಳಗೆ ಹತ್ತಿ ಸುತ್ತಿದ ಪುಟ್ಟ ಗಾಜಿನ ಶೀಷೆ. ನೋವು ಮರಗಟ್ಟಿಸುವ ಇಂಜೆಕ್ಷನ್ನು. ಅದರ ಜೊತೆ ಎದುರು ಬೀದಿಯ ಕ್ಲಿನಿಕ್ಕಿನ ಚೀಟಿ, ಇವತ್ತಿನ ತಾರೀಖು, ಬೆಳಗಿನ ಸಮಯ, ಮೊಂಡಿಯ ಹೆಸರು, ವಯಸ್ಸು. ಇನ್ಸ್‌ಪೆಕ್ಟರಮ್ಮ ಕೆಳಗಿನ ಮಂಚದ ಮೇಲೆ ಕೂತರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಳ್ಳನನ್ನು ಹಿಡಿದಾಗ ಒಂದು ಸಣ್ಣ ಖುಷಿ ಇರುತ್ತಿತ್ತು. ಇವತ್ತು ಅದು ಬರಲಿಲ್ಲ; ಶೀಷೆಯನ್ನು ಮತ್ತೆ ಹತ್ತಿಯಲ್ಲೇ ಸುತ್ತಿ ಜೇಬಿಗಿಟ್ಟುಕೊಂಡರು.

* * *

ಮೂರೂವರೆ. ಉದ್ದನೆಯ ಮೇಜು, ಆರು ನೀರಿನ ಬಾಟಲಿ, ಆರು ಗಂಭೀರ ಮುಖಗಳು. ಐದನೆಯವಳು ಗೋಡೆಗೆ ಒರಗಿ ನಿಂತಿದ್ದಳು. ಮೊಂಡಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಔಷಧಿಯ ಗುಣ ಇಳಿದಿತ್ತು, ಅವಳಿಗೆ ಈಗ ಕಾಲು ಊರಲೂ ಆಗುತ್ತಿರಲಿಲ್ಲ.

"ಟೇಪನ್ನು ಯಾರೂ ಕಿತ್ತಿಲ್ಲ," ಎಂದು ಶುರು ಮಾಡಿದರು ಇನ್ಸ್‌ಪೆಕ್ಟರಮ್ಮ. "ಕದ್ದು ಕಿತ್ತವರು ಅಂದಾಜಿಗೆ ಎಲ್ಲೋ ಒಂದು ಕಡೆ ಅಂಟಿಸ್ತಾರೆ. ಈ ಟೇಪ್ ಕಡ್ಡಿಯ ಶೂವಿನ ಇಪ್ಪತ್ತನಾಲ್ಕನೇ ಪಾದಕ್ಕೆ ಕರಾರುವಾಕ್ಕಾಗಿ ಇತ್ತು. ಐದನೆಯವಳ ಶೂ ದೊಡ್ಡದು. ಅವಳು ಅಳೆದಿದ್ರೆ ಲೆಕ್ಕ ಎಲ್ಲೋ ನಡುವೆ ನಿಲ್ತಿತ್ತು. ಅಷ್ಟು ಸರಿಯಾಗಿ ಅಳೆಯೋಕೆ ಕಾಲಲ್ಲಿ ಆ ಶೂ ಇರಬೇಕು. ಅದು ಇದ್ದಿದ್ದು ಕಡ್ಡಿ ಕಾಲಲ್ಲಿ."

"ತಾನೇ ತನ್ನ ಕಾಲು ಮುರ್ಕೊಂಡ್ಳಾ?" ಅಧ್ಯಕ್ಷರಿಗೆ ನಗು ಬಂತು.

"ನಗಬೇಡಿ ಸಾರ್. ಕೆಡಿಸೋರು ಟೇಪನ್ನ ದೂರಕ್ಕಿಡ್ತಾರೆ. ಹತ್ತಿರಕ್ಕಿಟ್ಟೋರು, ಹಿಂದಿಂದ ಬರೋಳಿಗೆ ತಲುಪೋಕಾಗಲ್ಲ ಅಂತ ಗೊತ್ತಿದ್ದೋರು. ಮೂರು ದಿನದಿಂದ ಮೊಂಡಿಯ ತೊಡೆ ನೋಯ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹೇಳಿದ್ರೆ ಜಾಗ ಹೋಗುತ್ತೆ. ಆದರೆ ಮಂಚದಿಂದ ಹಾರೋಳು ಏಣಿ ಹಿಡಿದಿದ್ದನ್ನ ಕೆಳಗೆ ಮಲಗಿದ್ದವಳು ನೋಡಿದ್ಳು. ಸೆಕೆ ಅಂತ ನೆಪ ಹೇಳಿ ಕೆಳಗಿನ ಹಾಸಿಗೆ ಬಿಟ್ಟುಕೊಟ್ಟಳು. ಇವತ್ತು ಟ್ರ್ಯಾಕಲ್ಲಿ ಮೂರು ಪಾದ ಬಿಟ್ಟುಕೊಟ್ಟಳು. ನಾನು ಮತ್ತೆ ಹೋಗಿ ಕೇಳಿದೆ. ಒಪ್ಕೊಂಡ್ಳು. 'ನೋವು ನಂಗೆ ಗೊತ್ತು ಅಂತ ಹೇಳಿದ್ರೆ ಅವಳು ಮೊಂಡಿ, ನಮಗೆ ಭಾರ ಆಗಬಾರದು ಅಂತ ತಂಡ ಬಿಟ್ಟು ಹೋಗ್ತಿದ್ಳು' ಅಂದ್ಳು."

ಮುಂದಿನದನ್ನು ಹೇಳುವ ಬದಲು ಇನ್ಸ್‌ಪೆಕ್ಟರಮ್ಮ ಶೀಷೆಯನ್ನು ಮೇಜಿನ ಮೇಲಿಟ್ಟರು.

ಮೊಂಡಿಯೇ ಹೇಳಿದಳು. "ಬೆಳಗ್ಗೆ ಚುಚ್ಚಿಸ್ಕೊಂಡೆ. ನನ್ನಿಂದ ಕಡ್ಡಿಗೆ ಬ್ಯಾಟನ್ ತಪ್ಪಬಾರದು ಅಂತ. ಇದೊಂದು ಸಲ ಓಡಿಬಿಡ್ತೀನಿ, ಆಮೇಲೆ ಕಾಲು ಏನಾದ್ರೂ ಆಗಲಿ ಅಂತ." ಕೋಚ್ ಕಡೆ ತಿರುಗಿದಳು. "ಸಾರ್, ಇಪ್ಪತ್ತೇಳಕ್ಕೇ ಇದ್ದಿದ್ರೆ?"

ಕೋಚ್ ಕೈಯಲ್ಲಿದ್ದ ಓಟದ ಗಡಿಯಾರ ನೋಡಿಕೊಂಡರು. ಅದರಲ್ಲಿ ಮೊಂಡಿ ಓಡಿದ ತಿರುವಿನ ಸಮಯ ಇನ್ನೂ ಹಾಗೇ ನಿಂತಿತ್ತು. ಮೊಂಡಿ ಯಾವತ್ತೂ ಅಷ್ಟು ಜೋರಾಗಿ ಓಡಿರಲಿಲ್ಲ.

ಅಧ್ಯಕ್ಷರು ಐದನೆಯವಳ ಹೆಸರಿದ್ದ ಹಾಳೆಯನ್ನು ಹರಿದು ಹಾಕಿದರು. ಅವಳಿಗೆ ಅದು ಕಾಣಿಸಿದಂತೆಯೇ ಇರಲಿಲ್ಲ. ಮೊಂಡಿಯ ಹಿಂದೆ ಬಂದು ಗಾಲಿಕುರ್ಚಿಯ ಹಿಡಿಗಳನ್ನು ಹಿಡಿದುಕೊಂಡಿದ್ದಳು.

* * *

ಆಸ್ಪತ್ರೆಯಲ್ಲಿ ಕಡ್ಡಿಯ ಹಾಸಿಗೆಯ ಪಕ್ಕ ಗಾಲಿಕುರ್ಚಿ ನಿಂತಿತು. ಕಡ್ಡಿ ಮೊಂಡಿಯ ತೊಡೆಗೆ ಸುತ್ತಿದ ಬಟ್ಟೆ ನೋಡಿದಳು. "ಬೆಳಗ್ಗೆ ಚುಚ್ಚಿಸ್ಕೊಂಡಿದ್ದೆ," ಎಂದಳು ಮೊಂಡಿ.

"ಜೋರಾಗಿ ಬಂದಿದ್ದು ಹೀಗಾ?"

"ಯಾಕೆ ಹೇಳಲಿಲ್ಲ ನೀನು?"

"ನೀನು ಹೇಳಿದ್ಯಾ?"

ಮೊಂಡಿ ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಅತ್ತಳು. ಕಡ್ಡಿ ಅವಳ ತಲೆಯ ಮೇಲೆ ಕೈಯಿಟ್ಟಳು. ಕಾಲಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಎಲ್ಲರ ಮುಖ ನೋಡಿ ಅವಳಿಗೆ ಗೊತ್ತಾಗಿಹೋಗಿತ್ತು.

ಇನ್ಸ್‌ಪೆಕ್ಟರಮ್ಮ ಐದನೆಯವಳನ್ನು ಹೊರಗೆ ಕರೆದರು. ಹಾಸ್ಟೆಲಿನ ಬೀಗದ ಕೈ ಕೊಟ್ಟರು.

"ಮೇಲಿನ ಹಾಸಿಗೆ ಕೆಳಗಿಳಿಸಿ ನೆಲದ ಮೇಲೆ ಹಾಸಿಬಿಡು ಮಗಳೇ. ಇನ್ನು ಇಬ್ಬರೂ ಏಣಿ ಹತ್ತೋ ಹಾಗಿಲ್ಲ."

ಹುಡುಗಿ ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿನವರೆಗೆ ನಡೆದಳು. ಆಮೇಲೆ ಓಡಿದಳು.